ರೋಮಿಂಗ್ ಪ್ಯಾಕ್ ಇದೆ ಅಂತ ಹಡಗಿನಲ್ಲಿ ಫೋನ್ ಆನ್ ಇಟ್ಟು ಮಲಗಬೇಡಿ

ಅಕ್ಕಾ, ದಯವಿಟ್ಟು ಇದನ್ನು ಪೂರ್ತಿ ಓದಿ. ಮನೆಯವರು ಆರು ಜನ ಕ್ರೂಸ್, ಅಂದರೆ ಪ್ರವಾಸದ ಹಡಗಿನಲ್ಲಿ ಥೈಲ್ಯಾಂಡಿನ ಫುಕೆಟ್‌ಗೆ ಹೊರಟಿದ್ದೀರಿ. ಈ ಗುಂಪಿನಲ್ಲಿ "ಆರು ಜನಕ್ಕೂ ಸಿಂಗಾಪುರದ ರೋಮಿಂಗ್ ಪ್ಯಾಕ್ ಹಾಕಿಸಿದ್ದೇವೆ, ಹಡಗಲ್ಲೂ ಟವರ್ ಇರುತ್ತಂತೆ, ವೈಫೈಗೆ ಸುಮ್ನೆ ದುಡ್ಡು ಯಾಕೆ" ಅಂತ ಬರೆದಿದ್ದೀರಲ್ಲ, ಅದನ್ನು ನೋಡಿ ಸುಮ್ಮನಿರೋಕೆ ಆಗಲಿಲ್ಲ. ಮೂರು ವರ್ಷದ ಹಿಂದೆ ಇದೇ ಮಾತನ್ನು ನಾನು ನಮ್ಮ ಮನೆಯಲ್ಲಿ ಹೇಳಿದ್ದೆ.

ಹಡಗಲ್ಲಿ ಟವರ್ ಇರುವುದು ನಿಜ. ಆದರೆ ಅದು ಹಡಗಿನ ಸ್ವಂತ ಟವರ್. ಅದರಲ್ಲಿ ಮಾತು, ಡೇಟಾ ಎಲ್ಲ ಸ್ಯಾಟಲೈಟ್‌ಗೆ ಹೋಗಿ ಬರುತ್ತದೆ, ರೇಟೂ ಸ್ಯಾಟಲೈಟ್ ರೇಟೇ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ದಾಟಿದ ಮೇಲೆ ಸಾಮಾನ್ಯವಾಗಿ ಅದನ್ನು ಆನ್ ಮಾಡುತ್ತಾರೆ.  ಹಡಗಿಗೆ ಅದು ಒಂದು ಗಂಟೆಯ ದಾರಿ, ಅಷ್ಟೇ. ಈ ನೆಟ್‌ವರ್ಕ್ ಯಾವ ದೇಶಕ್ಕೂ ಸೇರಿದ್ದಲ್ಲ. ಭಾರತದ ಮೊಬೈಲ್ ನೆಟ್‌ವರ್ಕ್‌ಗಳ ಗುರುತಿನ ಕೋಡ್ 404, 405 ಅಂತ ಇರುತ್ತದೆ, ಹಡಗಿನದು 901. ನಿಮ್ಮ ಪ್ಯಾಕಿನ ದೇಶಗಳ ಪಟ್ಟಿ ತೆಗೆದು ನೋಡಿ. ಸಿಂಗಾಪುರ, ಮಲೇಷ್ಯಾ, ಥೈಲ್ಯಾಂಡ್ ಇರಬಹುದು. ಮ್ಯಾರಿಟೈಮ್ (ಸಮುದ್ರದ ಮೇಲೆ) ಅಥವಾ ಕ್ರೂಸ್ ಅಂತ ಬೇರೆಯಾಗಿ ಬರೆದಿಲ್ಲ ಅಂದರೆ ಹಡಗಿನ ಟವರ್ ಅದರಲ್ಲಿ ಇಲ್ಲ. ಇ-ಸಿಮ್ ತಗೊಂಡವರದ್ದೂ ಇದೇ ಕಥೆ, ಅದು ಸಾಮಾನ್ಯವಾಗಿ ದಡಕ್ಕೆ ಮಾತ್ರ.

ನಮಗೆ ಏನಾಯಿತು ಅಂತ ಹೇಳಿಬಿಡುತ್ತೇನೆ. ಮೊದಲ ದಿನ ಸಂಜೆ ಹಡಗು ಹೊರಟಾಗ ಅಮ್ಮ ಡೆಕ್ ಮೇಲೆ ನಿಂತು ಹರಿಹರದ ಚಿಕ್ಕಮ್ಮನಿಗೆ ವಿಡಿಯೋ ಕಾಲ್ ಮಾಡಿ ಊರಿನ ದೀಪಗಳನ್ನೆಲ್ಲ ತೋರಿಸಿದರು. ಕಾಲ್ ಒಂದು ಸಲವೂ ಕಟ್ ಆಗಲಿಲ್ಲ. ಅದು ದಡದ ಟವರ್ ಅಂತ ನನಗೆ ಹೊಳೆಯಲೇ ಇಲ್ಲ. ಪ್ಯಾಕ್ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ನೆಮ್ಮದಿಯಾಗಿ ಎಲ್ಲರ ಫೋನೂ ಚಾರ್ಜಿಗೆ ಹಾಕಿ ಮಲಗಿದೆವು. ಬೆಳಿಗ್ಗೆ ಅಮ್ಮನ ಫೋನ್ ಮುಟ್ಟಿದರೆ ಆಗತಾನೆ ಇಳಿಸಿದ ಹಂಚಿನ ಹಾಗೆ ಬಿಸಿ. ಮೇಲಿನ ಮೂಲೆಯಲ್ಲಿ ಕಂಪನಿ ಹೆಸರಿನ ಜಾಗದಲ್ಲಿ 901 ಅಂತ ಶುರುವಾಗುವ ನಂಬರ್, ಪಕ್ಕದಲ್ಲಿ ರೋಮಿಂಗ್ ಅನ್ನುವ ಸಣ್ಣ ಆರ್ ಅಕ್ಷರ. ಕೆಳಗೆ ಮೂರು ಮೆಸೇಜ್. ಮೂರೂ ಇಂಗ್ಲಿಷಿನಲ್ಲಿ, ಮೂರೂ ರಾತ್ರಿ ಬಂದವು.

ಅಮ್ಮ ಏನೂ ಒತ್ತಿರಲಿಲ್ಲ. ನನ್ನ ಅಳಿಯ ಯಾವತ್ತೋ ಫೋಟೋ ಬ್ಯಾಕಪ್ ಅನ್ನು ಮೊಬೈಲ್ ಡೇಟಾದಲ್ಲೂ ಓಡುವ ಹಾಗೆ ಇಟ್ಟಿದ್ದ. ಡೆಕ್ ಮೇಲೆ ತೆಗೆದ ಫೋಟೋ, ವಿಡಿಯೋ ಎಲ್ಲ ಇಂಟರ್ನೆಟ್‌ಗೆ ಅಪ್‌ಲೋಡ್ ಆಗೋಕೆ ಶುರುವಾಗಿತ್ತು. ವಾಟ್ಸಾಪ್‌ನ ಮದುವೆ ಗುಂಪಿನಿಂದ ಶುಭೋದಯದ ಚಿತ್ರಗಳು ತಾವಾಗೇ ಇಳಿದಿದ್ದವು. ಅಮ್ಮನ ನಂಬರ್ ನನ್ನ ಪೋಸ್ಟ್‌ಪೇಯ್ಡ್ ಫ್ಯಾಮಿಲಿ ಪ್ಲಾನಿನಲ್ಲಿತ್ತು. ಊರಿಗೆ ಬಂದ ಮೇಲೆ ಬಿಲ್ ಬಂತು, 31 ಸಾವಿರ. ಫೋನ್ ಮಾಡಿ ಕೇಳಿದರೆ, ಪ್ಯಾಕ್ ಇದ್ದದ್ದು ದೇಶಕ್ಕೆ, ಹಡಗಿಗಲ್ಲ ಅಂದರು. ಕಟ್ಟಿದೆ. ಆದರೆ ಆಮೇಲೆ ಆರು ತಿಂಗಳು ಅಮ್ಮ ಎಲ್ಲಿಗೆ ಹೋದರೂ ಫೋನ್ ಆಫ್ ಮಾಡಿ ಬ್ಯಾಗಿನ ತಳಕ್ಕೆ ಹಾಕಿಡುತ್ತಿದ್ದರು. ಎಲ್ಲಿ ಮತ್ತೆ ದುಡ್ಡು ಹೋಗುತ್ತೋ ಅಂತ. ದುಡ್ಡಿಗಿಂತ ಅದು ನನಗೆ ಜಾಸ್ತಿ ನೋವಾಯಿತು.

ನಿಮಗೆ ಉತ್ತರವಾಗಿ ಒಬ್ಬರು "ಡೇಟಾ ರೋಮಿಂಗ್ ಆಫ್ ಮಾಡಿದರೆ ಸಾಕು" ಅಂತ ಬರೆದಿದ್ದಾರೆ. ಸಾಲದು ಸರ್, ದಯವಿಟ್ಟು ಹಾಗೆ ಹೇಳಬೇಡಿ. ಡೇಟಾ ನಿಂತರೂ ಕಾಲ್ ಬರುತ್ತದೆ. ಯಾರೋ ಲೋನ್ ಬೇಕಾ ಅಂತ ಫೋನ್ ಮಾಡುತ್ತಾರೆ, ಮನೆಯ ಹಿರಿಯರು ಎತ್ತಿಬಿಡುತ್ತಾರೆ. ಎತ್ತಿದ ಆ ಕಾಲಿಗೂ ನಿಮಿಷದ ಲೆಕ್ಕದಲ್ಲಿ ದುಡ್ಡು. ಪ್ರಿಪೇಯ್ಡ್ ಆದರೆ ಬ್ಯಾಲೆನ್ಸ್ ಇದ್ದಷ್ಟೇ ಹೋಗುತ್ತದೆ, ಪೋಸ್ಟ್‌ಪೇಯ್ಡ್‌ನವರು ಹುಷಾರಾಗಿರಬೇಕು.

ನಾನು ಈಗ ಮಾಡುವುದು ಹೀಗೆ. ಹಡಗು ಹತ್ತಿ ರೂಮಿಗೆ ಬಂದ ತಕ್ಷಣ, ಬ್ಯಾಗ್ ಬಿಚ್ಚುವ ಮೊದಲೇ, ಎಲ್ಲರ ಫೋನೂ ಮಂಚದ ಮೇಲೆ ಸಾಲಾಗಿ ಇಡಿಸುತ್ತೇನೆ. ಒಂದೊಂದಕ್ಕೂ ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡುತ್ತೇನೆ. "ಹಡಗು ಹೊರಟ ಮೇಲೆ ಹಾಕಿದರಾಯಿತು" ಅಂತ ಬಿಡಬೇಡಿ, ಊಟ ಫೋಟೋ ಗಲಾಟೆಯಲ್ಲಿ ಒಬ್ಬರದಾದರೂ ಮರೆತೇ ಮರೆಯುತ್ತದೆ. ಅದರಲ್ಲೂ ಸಿಂಗಾಪುರದಿಂದ ಹೊರಟರೆ ಪಕ್ಕದಲ್ಲೇ ಇಂಡೋನೇಷ್ಯಾದ ಬಾಟಮ್ ದ್ವೀಪ. ಫೋನ್ ಅಲ್ಲಿನ ಟವರ್ ಹಿಡಿದುಬಿಡುತ್ತದೆ. ನಿಮ್ಮ ಪ್ಯಾಕಿನಲ್ಲಿ ಇಂಡೋನೇಷ್ಯಾ ಇದೆಯಾ ನೋಡಿಕೊಳ್ಳಿ.

ಹಿರಿಯರ ಫೋನಿಗೆ ಏರೋಪ್ಲೇನ್ ಮೋಡ್ ನಂಬಬೇಡಿ. ಟಾರ್ಚ್ ಹಾಕಲು ಹೋಗಿ ಪಕ್ಕದ ವಿಮಾನದ ಗುರುತು ಒತ್ತಿಬಿಡುತ್ತಾರೆ, ಅವರ ತಪ್ಪಲ್ಲ, ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ. ನಾನು ಅಮ್ಮನ ಸಿಮ್ ತೆಗೆದೇಬಿಡುತ್ತೇನೆ. ಹಡಗಲ್ಲಿ ಅವರಿಗೆ ಫೋನ್ ಬೇಕಿರುವುದು ಫೋಟೋಗೆ ತಾನೆ? ಟ್ರೇ ತೆಗೆಯುವ ಪಿನ್ ಮನೆಯಲ್ಲೇ ಮರೆತಿದ್ದೆ, ಅಮ್ಮನೇ ಕಿವಿಯ ಓಲೆ ಬಿಚ್ಚಿ ಅದರ ಕಡ್ಡಿಯಿಂದ ತೆಗೆದುಕೊಟ್ಟರು. ಸಿಮ್ಮನ್ನು ಹತ್ತಿಯಲ್ಲಿ ಸುತ್ತಿ, ಬಂಗಾರದಂಗಡಿಯವರು ಮೂಗುಬೊಟ್ಟು ಹಾಕಿಕೊಡುವ ಪುಟ್ಟ ಡಬ್ಬಿಯಲ್ಲಿ ಇಟ್ಟೆವು. ಪರ್ಸಿನಲ್ಲಿ ಚಿಲ್ಲರೆ ಜೊತೆ ಹಾಕಬೇಡಿ, ಗೀಚಿ ಹಾಳಾಗುತ್ತದೆ. ಒಂದು ಮಾತು, ಸಿಮ್ ತೆಗೆದರೆ ಆ ಫೋನಿನ ಯುಪಿಐ, ಬ್ಯಾಂಕ್ ಆಪ್ ತಕರಾರು ಮಾಡಬಹುದು. ಅವು ಬೇಕಾದವರು ಸಿಮ್ ತೆಗೆಯಬೇಡಿ.

ಓಟಿಪಿ ವಿಷಯ ಈಗಲೇ ಯೋಚನೆ ಮಾಡಿ. ಏರೋಪ್ಲೇನ್ ಮೋಡಿನಲ್ಲಿ ಅದು ಬರುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಎಲ್‌ಐಸಿ ಕಂತು, ಕರೆಂಟ್ ಬಿಲ್, ಮಕ್ಕಳ ಫೀಸು ಎಲ್ಲ ಹೊರಡುವ ಮೊದಲೇ ಕಟ್ಟಿ. ಸಿಮ್ಮನ್ನು ಊರಲ್ಲಿ ಬಿಟ್ಟು ಯಾರಿಗೋ ಫೋನ್ ಮಾಡಿ ಓಟಿಪಿ ಕೇಳುವ ಐಡಿಯಾ ಮಾತ್ರ ಬೇಡ.

ಇನ್ನು ವೈಫೈ. ಆರು ಜನಕ್ಕೆ ಆರು ಪ್ಯಾಕ್ ಬೇಡ, ಒಂದೇ ಸಾಕು. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದು ಫೋನ್ ಅಂತ ಇರುತ್ತದೆ. ಒಬ್ಬರು ಲಾಗೌಟ್ ಮಾಡಿದ ಮೇಲೆ ಇನ್ನೊಬ್ಬರು ಬಳಸಬಹುದು. ಲಾಗೌಟ್ ಮಾಡದೆ ಸುಮ್ನೆ ವೈಫೈ ಆಫ್ ಮಾಡಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ಹಡಗು ಹತ್ತಿದ ಮೇಲೆ ಕೊಳ್ಳುವುದಕ್ಕಿಂತ ಮೊದಲೇ ಆನ್‌ಲೈನಿನಲ್ಲಿ ಕೊಂಡರೆ ಎಷ್ಟೋ ಕಡೆ ಕಡಿಮೆಗೆ ಸಿಗುತ್ತದೆ. ಅಗ್ಗದ ಪ್ಯಾಕ್ ಆದರೆ ಮೆಸೇಜ್ ಮಾತ್ರ ಹೋಗುತ್ತದಾ, ಕಾಲೂ ಆಗುತ್ತದಾ ಅಂತ ಓದಿ ಕೊಳ್ಳಿ. ಹಡಗಿನ ಆಪ್ ಬಹಳಷ್ಟು ಹಡಗುಗಳಲ್ಲಿ ಪ್ಯಾಕ್ ಇಲ್ಲದೆಯೂ ವೈಫೈನಲ್ಲಿ ಓಡುತ್ತದೆ, ಅದನ್ನು ದಡದಲ್ಲೇ ಇಳಿಸಿಕೊಳ್ಳಿ. ಬ್ಯಾಕಪ್, ಆಪ್ ಅಪ್‌ಡೇಟ್, ವಾಟ್ಸಾಪ್ ಆಟೋ ಡೌನ್‌ಲೋಡ್ ಮೂರನ್ನೂ ಇವತ್ತೇ ನಿಲ್ಲಿಸಿ. ಇಲ್ಲದಿದ್ದರೆ ದುಡ್ಡು ಕೊಟ್ಟ ವೈಫೈಯನ್ನೂ ಅವೇ ತಿಂದುಬಿಡುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ಸ್ಟಾರ್‌ಲಿಂಕ್ ಅನ್ನುವ ಹೊಸ ಸ್ಯಾಟಲೈಟ್ ಇಂಟರ್ನೆಟ್ ಇರುವ ಹಡಗಾದರೆ ಮಾತ್ರ ವಿಡಿಯೋ ಕಾಲಿನ ಆಸೆ ಇಟ್ಟುಕೊಳ್ಳಿ. ಹಳೇ ಸ್ಯಾಟಲೈಟ್‌ಗಳು 35,786 ಕಿಲೋಮೀಟರ್ ಮೇಲಿರುತ್ತವೆ. ನಾವು ಹಲೋ ಅಂದರೆ ಅದು ಹೋಗಿ ಉತ್ತರ ಬರುವುದರೊಳಗೆ ಇಬ್ಬರೂ ಒಟ್ಟಿಗೆ ಮಾತಾಡಿಬಿಡುತ್ತೇವೆ. ಸ್ಟಾರ್‌ಲಿಂಕ್‌ನವು ಸುಮಾರು 500 ಕಿಲೋಮೀಟರಿನ ಆಸುಪಾಸಿನಲ್ಲೇ ಸುತ್ತುತ್ತವೆ. ಕ್ರೂಸ್ ಕಂಪನಿ ರಾಯಲ್ ಕೆರಿಬಿಯನ್‌ನವರು 2022ರಲ್ಲೇ ಇದನ್ನು ಹಾಕಿಸುತ್ತೇವೆ ಅಂತ ಹೇಳಿದ್ದರು. ಯಾವ ಹಡಗೇ ಆಗಲಿ, ರೂಮಿನ ಗೋಡೆಯಲ್ಲಿ ಉಕ್ಕಿನ ತಗಡು ಇರುತ್ತದೆ. ಒಳಗೆ ಸಿಗ್ನಲ್ ಬರದಿದ್ದರೆ ಬಾಗಿಲ ಹತ್ತಿರ ಬಂದು ನೋಡಿ.

ಚಾರ್ಜಿಂಗ್ ಬಗ್ಗೆ ಯಾರೂ ಹೇಳಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್ ಒಯ್ಯಬೇಡಿ. ಬಹಳಷ್ಟು ಹಡಗುಗಳಲ್ಲಿ ಹತ್ತುವಾಗ ಸ್ಕ್ಯಾನಿಂಗಿನಲ್ಲಿ ತೆಗೆದಿಟ್ಟುಕೊಂಡು ಇಳಿಯುವ ದಿನ ಕೊಡುತ್ತಾರೆ. ಬಿಸಿನೀರಿನ ಕಾಯಿಲ್, ಕೆಟಲ್, ಇಸ್ತ್ರಿ ಪೆಟ್ಟಿಗೆಗೂ ಅದೇ ಗತಿ. ಹಡಗಲ್ಲಿ ಬೆಂಕಿ ಅಂದರೆ ಓಡಿಹೋಗಲು ಜಾಗ ಇಲ್ಲ, ಅವರು ಹೆದರುವುದು ಸರಿಯೇ. ನಾಲ್ಕು ಯುಎಸ್‌ಬಿ ಇರುವ ಒಂದು ಚಾರ್ಜರ್ ಸಾಕು, ನಾನು ಆಂಕರ್ ಕಂಪನಿಯದು ಇಟ್ಟುಕೊಂಡಿದ್ದೇನೆ, ಚೆನ್ನಾಗಿದೆ. ಫುಟ್‌ಪಾತಿನಲ್ಲಿ ಸಿಗುವ ಹೆಸರಿಲ್ಲದ ಚಾರ್ಜರ್ ಮಾತ್ರ ಬೇಡವೇ ಬೇಡ. ಒಯ್ಯುವ ಚಾರ್ಜರ್ ಮೇಲೆ ಇನ್‌ಪುಟ್ 100-240 ವೋಲ್ಟ್ ಅಂತ ಬರೆದಿರಬೇಕು, ಹಡಗಲ್ಲಿ 110ರ ಪ್ಲಗ್ಗೂ ಇರುತ್ತದೆ, 220ರದ್ದೂ ಇರುತ್ತದೆ. ನಮ್ಮ ಸಣ್ಣ ಎರಡು ಪಿನ್ನಿನ ಚಾರ್ಜರ್ 220ರ ದುಂಡು ತೂತಿಗೆ ಹಿಡಿಯುತ್ತದೆ. ಮೂರು ಪಿನ್ನಿನದು ಹೋಗಲ್ಲ. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಬ್ಯಾಗಿನಲ್ಲೇ ಇರಬೇಕು, ಲಗೇಜಿಗೆ ಹಾಕಬೇಡಿ. ಸಿಂಗಾಪುರ್ ಏರ್‌ಲೈನ್ಸ್‌ನಲ್ಲಿ 2025ರ ಏಪ್ರಿಲ್ 1ರಿಂದ ವಿಮಾನದೊಳಗೆ ಅದರಿಂದ ಚಾರ್ಜ್ ಮಾಡುವಂತೆಯೂ ಇಲ್ಲ.

ಕೊನೆಗೆ ಟೈಮ್. ಫುಕೆಟ್‌ಗೆ ಹೋಗುತ್ತೀರಿ ಅಂದಿದ್ದೀರಿ. ಥೈಲ್ಯಾಂಡ್ ಗಡಿಯಾರ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ಅಲ್ಲಿ ಇಳಿದು ಪ್ಯಾಕ್ ಆನ್ ಮಾಡಿದ ತಕ್ಷಣ ಫೋನ್ ಥೈಲ್ಯಾಂಡ್ ಟೈಮಿಗೆ ತಿರುಗುತ್ತದೆ. ಹಡಗಿನವರು ಸಿಂಗಾಪುರ ಟೈಮನ್ನೇ ಇಟ್ಟುಕೊಂಡಿದ್ದರೆ, ಫೋನಿನಲ್ಲಿ ನಾಲ್ಕು ಇರುವಾಗ ಹಡಗಿನಲ್ಲಿ ಐದು. ಐದಕ್ಕೆ ವಾಪಸ್ ಬನ್ನಿ ಅಂದಿದ್ದರೆ ಹಡಗು ತಪ್ಪಿತು. ಇಳಿಯುವ ಮೊದಲು ಹಡಗಿನ ಟೈಮ್ ಯಾವುದು ಅಂತ ಅಲ್ಲಿನವರನ್ನೇ ಕೇಳಿ. ನಿಮ್ಮ ಮಾವನವರಿಗೆ ಕೈಗಡಿಯಾರ ಕಟ್ಟಿಸಿ, ಅದನ್ನು ಆ ಟೈಮಿಗೆ ಇಡಿ, ಎಲ್ಲರೂ ಅದನ್ನೇ ನೋಡಲಿ. ವಾಪಸ್ ಹತ್ತಿದ ಮೇಲೆ ಆರು ಫೋನಿಗೂ ಮತ್ತೆ ಏರೋಪ್ಲೇನ್ ಮೋಡ್ ಹಾಕಿಸಿ. ಎರಡನೇ ಸಲವೇ ಜಾಸ್ತಿ ಜನ ಮರೆಯುವುದು.

ಹಡಗಿನ ಹೆಸರು ಬರೆಯಿರಿ ಅಕ್ಕಾ, ಅದರಲ್ಲಿ ಹೋಗಿ ಬಂದವರು ಈ ಗುಂಪಿನಲ್ಲೇ ಇದ್ದರೆ ವೈಫೈ ಹೇಗಿತ್ತು ಅಂತ ಹೇಳುತ್ತಾರೆ.