ಆ ಮಗು ಶಾಲೆಯಲ್ಲಿ ನೀರನ್ನೇ ಕುಡಿಯುತ್ತಿಲ್ಲ

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ಒಂಬತ್ತನೇ ತರಗತಿಯ ಹುಡುಗನೊಬ್ಬ, ‘ಮಿಸ್, ನಾನು ಹುಡುಗಿ. ಯಾರಿಗೂ ಹೇಳಬೇಡಿ, ಮನೆಯಲ್ಲಂತೂ ಬೇಡವೇ ಬೇಡ’ ಎಂದು ಅತ್ತ. ಟಾಯ್ಲೆಟ್‌ನಲ್ಲಿ ಹುಡುಗರು ಕಾಡುತ್ತಾರೆಂದು ಅವಳು ದಿನವಿಡೀ ನೀರು ಕುಡಿಯುವುದಿಲ್ಲವಂತೆ. ಹೆತ್ತವರಿಗೆ ತಿಳಿಸದಿದ್ದರೆ ತಪ್ಪಾಗುತ್ತದೆಯೇ?

ಉತ್ತರ: ಮೇಡಂ, ನಿಮ್ಮ ಪತ್ರ ‘ಹುಡುಗ’ ಎಂದು ಶುರುವಾಗಿ ‘ಅವಳು’ ಎಂದು ಮುಗಿದಿದೆ. ಆ ಮಗು ನಿಮ್ಮ ಹತ್ತಿರವೇ ಬಂದದ್ದು ಸುಮ್ನೆ ಅಲ್ಲ.

ಮೊದಲು ನೀರಿನ ವಿಷಯ. ನೀರು ಕುಡಿಯದೆ, ಮೂತ್ರ ತಡೆದುಕೊಂಡೇ ಇದ್ದರೆ ಸೋಂಕಾಗಬಹುದು. ನಾಳೆಯಿಂದಲೇ ಪಾಠದ ನಡುವೆ, ಟಾಯ್ಲೆಟ್ ಖಾಲಿ ಇರುವಾಗ ಕಳಿಸಿ. ಆದರೆ ಅವಳೊಬ್ಬಳಿಗೇ ಬೇರೆ ವ್ಯವಸ್ಥೆ ಮಾಡಿದರೆ ಎಲ್ಲರ ಕಣ್ಣೂ ಅವಳ ಮೇಲೆಯೇ, ಅಲ್ವಾ? ಅದಕ್ಕೇ ಒಬ್ಬರೇ ಹೋಗಿ ಚಿಲಕ ಹಾಕಿಕೊಳ್ಳುವಂಥ ಒಂದು ಟಾಯ್ಲೆಟ್ ಎಲ್ಲ ಮಕ್ಕಳಿಗೂ ಇರಲಿ ಎಂದು ಹೆಡ್‌ಮಾಸ್ಟರ್ ಹತ್ತಿರ ಕೇಳಿ. ಹೊಟ್ಟೆನೋವಿನ ಮಗುವಿಗೂ ನಾಚಿಕೆಯ ಮಗುವಿಗೂ ಅದು ಬೇಕು. ಯಾರ ಹೆಸರೂ ಎತ್ತಬೇಕಿಲ್ಲ. ಕಾಡುವ ಹುಡುಗರನ್ನು ‘ತಮಾಷೆ ಮಾಡ್ತಾರೆ ಬಿಡಿ’ ಎಂದು ಮಾತ್ರ ಬಿಡಬೇಡಿ.

ಹೆತ್ತವರಿಗೆ ಈಗ ಹೇಳಬೇಡಿ. ಇಂಥ ಸುದ್ದಿಗೆ ಏಟು ತಿಂದ, ಮನೆಯಿಂದಲೇ ಹೊರಬಿದ್ದ ಮಕ್ಕಳಿದ್ದಾರೆ. ಯಾರಿಗೆ, ಯಾವಾಗ ಹೇಳಬೇಕು ಎನ್ನುವುದು ಅವಳಿಗೆ ಬಿಟ್ಟದ್ದು. ‘ಸಾಯುವ ಯೋಚನೆ ಬಂದರೆ ಮಾತ್ರ ನಾನು ಗುಟ್ಟು ಇಟ್ಟುಕೊಳ್ಳಲಾರೆ, ಸಹಾಯ ಕರೆಯುತ್ತೇನೆ’ ಎಂದು ಇವತ್ತೇ ತಿಳಿಸಿಬಿಡಿ. ಆಮೇಲೆ ಅವಳಿಗೆ ಮೋಸ ಅನ್ನಿಸಬಾರದು.

ಸ್ಟಾಫ್‌ರೂಮಿನಲ್ಲಿ ಯಾರಾದರೂ ‘ಅದೆಲ್ಲ ಕಾಯಿಲೆ’ ಎಂದರೆ ಸುಮ್ಮನಿರಬೇಡಿ. ಟ್ರಾನ್ಸ್ ಆಗಿರುವುದು, ಅಂದರೆ ಹುಟ್ಟಿದಾಗ ಗಂಡು ಅಥವಾ ಹೆಣ್ಣು ಎಂದು ಬೇರೆಯವರು ಹೇಳಿದ್ದಕ್ಕಿಂತ ತಾನು ಬೇರೆ ಎಂದು ಅರಿತಿರುವುದು, ಮಾನಸಿಕ ಕಾಯಿಲೆಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದೆ.

ಇನ್ನು ನಮ್ಮ ಮಾತು. ಕನ್ನಡದಲ್ಲಿ ‘ಬಾರೋ’ ಎಂದಾಗಲೆಲ್ಲ ಆ ‘ಓ’ ಅವಳಿಗೆ ಚುಚ್ಚುತ್ತದೆ. ಹಾಗಂತ ಕ್ಲಾಸಿನಲ್ಲಿ ‘ಬಾರೇ’ ಎಂದರೆ ಗುಟ್ಟು ರಟ್ಟು. ‘ಬಾ’ ಅಂದರೆ ಸಾಕಲ್ಲ! ಎಲ್ಲರಿಗೂ ಹಾಗೇ ಅನ್ನಿ. ಹುಡುಗರು ಈ ಕಡೆ, ಹುಡುಗಿಯರು ಆ ಕಡೆ ಎನ್ನುವ ಬದಲು ರೋಲ್ ನಂಬರ್ ಪ್ರಕಾರ ಸಾಲು ಮಾಡಿ. ತಾವೇ ಆರಿಸಿಕೊಂಡ ಹೆಸರಿನಿಂದ ಜಾಸ್ತಿ ಕಡೆ ಕರೆಸಿಕೊಂಡ ಟ್ರಾನ್ಸ್ ಮಕ್ಕಳಲ್ಲಿ ಖಿನ್ನತೆ ಕಡಿಮೆ ಇದ್ದದ್ದು ಅಮೆರಿಕದ ಅಧ್ಯಯನವೊಂದರಲ್ಲಿ 2018ರಲ್ಲಿ ಕಂಡುಬಂದಿದೆ. ನೀವಿಬ್ಬರೇ ಇರುವಾಗ ಅವಳನ್ನು ಕೇಳಿ, ‘ನಿನ್ನನ್ನು ಏನಂತ ಕರೀಲಿ?’ ಅವಳು ಎಂದೋ ಒಂದು ಹೆಸರು ಇಟ್ಟುಕೊಂಡಿರಬಹುದು, ಇದುವರೆಗೂ ಯಾರೂ ಕೇಳಿರಲಿಕ್ಕಿಲ್ಲ.