ಬಿಸಿನೀರಿಗೆ ಮಾತ್ರ ನಿಲ್ಲುತ್ತಿದ್ದ ವಾಂತಿ

ಈ ಪ್ರಕರಣ ಬರೆಯಲು ಆ ಹುಡುಗನೂ ಅವನ ತಾಯಿಯೂ ಒಪ್ಪಿದ್ದಾರೆ. ಊರು, ಕೆಲಸ, ವಯಸ್ಸು ಎಲ್ಲವನ್ನೂ ಸ್ವಲ್ಪ ಬದಲಿಸಿದ್ದೇನೆ. ಕಾಯಿಲೆಯ ಲಕ್ಷಣಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ಅವನ್ನು ಓದಿ ಯಾರಿಗಾದರೂ ‘ನಮ್ಮ ಮನೆಯಲ್ಲೂ ಹೀಗೇ ಅಲ್ವಾ’ ಅನಿಸಿದರೆ ಅಷ್ಟು ಸಾಕು.

ಹುಡುಗನ ಮನೆ ಹೊಸನಗರದ ಕಡೆ. ಇಪ್ಪತ್ತೇಳರ ಆಸುಪಾಸು. ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, ಅಪ್ಪ ತೀರಿಕೊಂಡ ಮೇಲೆ ಅಡಿಕೆ ತೋಟ ನೋಡಿಕೊಳ್ಳಲು ಊರಿಗೆ ಬಂದವನು. ಎರಡು ವರ್ಷದಿಂದ ಅವನಿಗೆ ವಾಂತಿಯ ಕಾಟ. ದಿನಾ ಬರುತ್ತಿರಲಿಲ್ಲ. ಒಂದೆರಡು ತಿಂಗಳು ಚೆನ್ನಾಗಿಯೇ ಇರುತ್ತಿದ್ದ. ಆಮೇಲೆ ಒಂದು ದಿನ ಬೆಳಗಿನ ಜಾವ ಹೊಟ್ಟೆ ತೊಳೆಸಲು ಶುರುವಾದರೆ ಮೂರು ನಾಲ್ಕು ದಿನ ಬಿಡುತ್ತಿರಲಿಲ್ಲ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹೊಕ್ಕುಳ ಮೇಲೆ ಹಿಂಡುವಂಥ ನೋವು. ಆಸ್ಪತ್ರೆಗೆ ಸೇರಿಸಿ ಗ್ಲೂಕೋಸ್ ಹಾಕಿಸಿದರೆ ಕಮ್ಮಿಯಾಗುತ್ತಿತ್ತು, ಮತ್ತೆ ಬರುತ್ತಿತ್ತು.

ಎಂಡೋಸ್ಕೋಪಿ, ಹೊಟ್ಟೆಯ ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲ ಆಗಿತ್ತು. ಎಲ್ಲದರಲ್ಲೂ ನಾರ್ಮಲ್. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ನುಂಗಿ ಅವನಿಗೂ ಸಾಕಾಗಿತ್ತು. ಕೊನೆಗೆ ಒಬ್ಬ ವೈದ್ಯರು ‘ಟೆನ್ಷನ್ ಇರಬಹುದು, ಒಮ್ಮೆ ಕೌನ್ಸೆಲಿಂಗ್ ಮಾಡಿಸಿ’ ಎಂದು ನನ್ನ ಹತ್ತಿರ ಕಳಿಸಿದ್ದರು.

ತಾಯಿಗೆ ಬೇರೆಯೇ ಅನುಮಾನ. ‘ಯಾರೋ ಮದ್ದು ಹಾಕಿದಾರೆ ಮೇಡಂ’ ಎಂದರು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಗದವರು ಊಟದಲ್ಲಿ ಕೈಮದ್ದು ಬೆರೆಸಿ ಕೊಟ್ಟರೆ ಅದು ಹೊಟ್ಟೆಯಲ್ಲಿ ಅಂಟಿಕೊಂಡು ಮನುಷ್ಯನನ್ನು ಸೊರಗಿಸುತ್ತದೆ ಎಂಬ ನಂಬಿಕೆ ಇಂದಿಗೂ ಇದೆ. ಮದ್ದು ತೆಗೆಯುವವರ ಹತ್ತಿರ ಕರೆದುಕೊಂಡು ಹೋಗಿದ್ದರು. ಅಲ್ಲಿ ಸೊಪ್ಪಿನ ರಸ ಕುಡಿಸಿ ಇನ್ನಷ್ಟು ವಾಂತಿ ಮಾಡಿಸಿದ್ದರು. ಮೊದಲೇ ನೀರಿಲ್ಲದ ದೇಹ. ಹುಡುಗ ಅಲ್ಲೇ ತಲೆಸುತ್ತಿ ಬಿದ್ದಿದ್ದನಂತೆ. ಆ ತಾಯಿಯನ್ನು ಬೈಯುವ ಮನಸ್ಸು ನನಗೆ ಬರಲಿಲ್ಲ. ಯಾವ ಪರೀಕ್ಷೆಯಲ್ಲೂ ಕಾರಣ ಸಿಗದಿದ್ದಾಗ, ಮಗ ಕಣ್ಣೆದುರೇ ಇಳಿದುಹೋಗುತ್ತಿರುವಾಗ, ತಿಳಿದ ದಾರಿಯಲ್ಲೇ ತಾನೇ ಹುಡುಕುವುದು?

ಅವರೇ ಮಾತಿನ ನಡುವೆ ಒಂದು ವಿಷಯ ಹೇಳಿದರು. ‘ವಾಂತಿ ಬಂದಾಗ ಬಚ್ಚಲುಮನೆ ಬಿಟ್ಟು ಹೊರಗೆ ಬರಲ್ಲ. ಹಂಡೆ ನೀರು ಮೈಮೇಲೆ ಹುಯ್ಕೊಳ್ತಾನೇ ಇರ್ತಾನೆ. ಮಳೆಗಾಲಕ್ಕೆ ಅಂತ ಕೂಡಿಟ್ಟ ಸೌದೆ, ಅಡಿಕೆ ಸಿಪ್ಪೆ ಎಲ್ಲ ಬಚ್ಚಲೊಲೆಗೇ ಹೋಯ್ತು.’ ಹುಡುಗ ತಲೆ ತಗ್ಗಿಸಿ, ಬಿಸಿನೀರು ಬಿದ್ದಷ್ಟು ಹೊತ್ತು ಮಾತ್ರ ಸಂಕಟ ನಿಲ್ಲುತ್ತದೆ ಎಂದ. ಅವನ ಬೆನ್ನು, ಹೆಗಲು ಕೆಂಪಾಗಿದ್ದವು.

ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದೆ. ಕಾಫಿ ಎಷ್ಟು ಕುಡಿಯುತ್ತೀಯಾ, ನಿದ್ದೆ ಹೇಗೆ ಎಂದು ಕೇಳಿದ ದನಿಯಲ್ಲೇ ‘ಗಾಂಜಾ ಸೇದ್ತೀಯಾ? ವಾರಕ್ಕೆ ಎಷ್ಟು ಸಲ?’ ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ‘ದಿನಾ’ ಎಂದ. ಬೆಂಗಳೂರಿನಲ್ಲಿ ನಿದ್ದೆ ಬರಲಿ ಎಂದು ಶುರುವಾದದ್ದು. ಊರಿಗೆ ಬಂದ ಮೇಲೆ ಜಾಸ್ತಿಯಾಯಿತು. ಬೆಳಿಗ್ಗೆ ಹೊಟ್ಟೆ ತೊಳೆಸಿದರೆ ಅದಕ್ಕೂ ‘ಸೊಪ್ಪೇ’ ಔಷಧಿ. ನೋಡಿದ ಯಾವ ವೈದ್ಯರಿಗೂ ಹೇಳಿರಲಿಲ್ಲ. ಪ್ರತಿ ಸಲವೂ ತಾಯಿ ಪಕ್ಕದಲ್ಲೇ ನಿಂತಿರುತ್ತಿದ್ದರು. ಜೊತೆಗೆ ಪೊಲೀಸರ ಭಯ.

ಆ ಭಯದ ಬಗ್ಗೆ ಮೊದಲು ಮಾತಾಡಿದೆವು. ಗಾಂಜಾ ಇಟ್ಟುಕೊಳ್ಳುವುದು, ಸೇದುವುದು ಎರಡೂ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯಡಿ ಅಪರಾಧ, ನಿಜ. ಆದರೆ ಅದೇ ಕಾಯ್ದೆಯ 64ಎ ಕಲಂ ಇದೆ. ವ್ಯಸನಕ್ಕೆ ಬಿದ್ದವರು ತಾವಾಗಿ ಸರಕಾರಿ ಅಥವಾ ಸರಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ, ಸೇವನೆಗೆ ಮತ್ತು ಸಣ್ಣ ಪ್ರಮಾಣದ ಪ್ರಕರಣಗಳಿಗೆ ಅದು ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು, ಅಷ್ಟೇ. ವೈದ್ಯರ ಮುಂದೆ ನಿಜ ಹೇಳುವುದು ಚಿಕಿತ್ಸೆಯ ಭಾಗ. ಅವನ ಒಪ್ಪಿಗೆ ಪಡೆದು ಶಿವಮೊಗ್ಗದ ಒಬ್ಬ ಫಿಸಿಶಿಯನ್‌ಗೆ ಪತ್ರ ಬರೆದೆ. ರೋಗ ಹೇಳುವುದು ನನ್ನ ಕೆಲಸವಲ್ಲ. ಹೇಳದೆ ಉಳಿದದ್ದನ್ನು ಹೇಳಲು ದಾರಿ ಮಾಡಿಕೊಡುವುದು ನನ್ನ ಕೆಲಸ.

ವೈದ್ಯರು ಹೇಳಿದ ಹೆಸರು ಕ್ಯಾನಬಿನಾಯ್ಡ್ ಹೈಪರೆಮೆಸಿಸ್ ಸಿಂಡ್ರೋಮ್. ಬಹಳ ಕಾಲ, ಹೆಚ್ಚು ಗಾಂಜಾ ಸೇದಿದವರಲ್ಲಿ ಕೆಲವರಿಗೆ ಬರುವ ವಾಂತಿಯ ಕಾಯಿಲೆ. 2004ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ವೈದ್ಯರು ಇದನ್ನು ಮೊದಲ ಬಾರಿಗೆ ವಿವರವಾಗಿ ಬರೆದರು. ಅವರ ರೋಗಿಗಳೂ ಸುಡುವ ನೀರಿನ ಸ್ನಾನಕ್ಕೆ ಹೀಗೇ ಅಂಟಿಕೊಂಡಿದ್ದರು. ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ, ವಾರಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಸೇದಿದವರಲ್ಲಿ ಇದು ಕಾಣಿಸುತ್ತದೆ.

ಹುಡುಗ ಇದನ್ನು ಒಪ್ಪಲಿಲ್ಲ. ಅವನು ಸುಮ್ನೆ ವಾದ ಮಾಡುವವನಲ್ಲ, ಓದಿಕೊಂಡಿದ್ದ. ‘ನಮ್ಮ ದೇಹವೇ ಗಾಂಜಾದಂಥ ವಸ್ತು ತಯಾರಿಸುತ್ತೆ. ಕರುಳಿನಲ್ಲಿ ಅದಕ್ಕೆ ಅಂತಲೇ ಜಾಗ ಇದೆ. ಕ್ಯಾನ್ಸರ್ ರೋಗಿಗಳಿಗೆ ವಾಂತಿ ನಿಲ್ಲೋಕೆ ಇದನ್ನೇ ಕೊಡ್ತಾರೆ. ಹಾಗಿರುವಾಗ ಇದರಿಂದಲೇ ವಾಂತಿ ಬರುತ್ತೆ ಅಂದ್ರೆ ಹೇಗೆ ಮೇಡಂ?’

ಅವನು ಹೇಳಿದ ಮೂರೂ ಮಾತು ನಿಜ. ಅದಕ್ಕೇ ಈ ಪ್ರಶ್ನೆಗೆ ಒಂದು ಇಡೀ ಭೇಟಿಯನ್ನು ಕೊಟ್ಟೆ. ‘ಚಟ ಕೆಟ್ಟದ್ದು, ಬಿಡು’ ಎಂದಿದ್ದರೆ ಮತ್ತೆ ಬರುತ್ತಿರಲಿಲ್ಲ.

ನಮ್ಮ ಮೈಯಲ್ಲಿ ಎಂಡೊಕ್ಯಾನಬಿನಾಯ್ಡ್ ಎಂಬ ವ್ಯವಸ್ಥೆ ಇದೆ. 1964ರಲ್ಲಿ ಇಸ್ರೇಲಿನ ರಾಫೆಲ್ ಮೆಶೂಲಮ್ ಮತ್ತು ಯೆಹೀಲ್ ಗಾವೋನಿ ಗಾಂಜಾದಲ್ಲಿ ಮತ್ತೇರಿಸುವ ಟಿಎಚ್‌ಸಿಯನ್ನು ಬೇರ್ಪಡಿಸಿ ಅದರ ರಚನೆ ತಿಳಿಸಿದರು. ಅದು ದೇಹದಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂದು ಹುಡುಕಿದಾಗ ಸಿಬಿ1, ಸಿಬಿ2 ಎಂಬ ಎರಡು ಗ್ರಾಹಕಗಳು, ಅಂದರೆ ಇಂಥ ವಸ್ತು ಬಂದು ಕೂರಲು ಕೋಶಗಳಲ್ಲಿರುವ ಜಾಗಗಳು, ಸಿಕ್ಕವು. 1992ರಲ್ಲಿ ಮೆಶೂಲಮ್ ಅವರ ತಂಡವೇ, ನಮ್ಮ ದೇಹ ತಾನಾಗಿ ತಯಾರಿಸುವ ಅನಂಡಮೈಡ್ ಎಂಬ ವಸ್ತುವನ್ನು ಕಂಡುಹಿಡಿಯಿತು. ಆಮೇಲೆ 2-ಎಜಿ ಎಂಬ ಇನ್ನೊಂದು ಸಿಕ್ಕಿತು.

ಸಿಬಿ1 ಮಿದುಳಿನಲ್ಲಷ್ಟೇ ಅಲ್ಲ, ಕರುಳಿನ ಗೋಡೆಯಲ್ಲಿ ಹಬ್ಬಿರುವ ನರಗಳಲ್ಲೂ ಇದೆ. ಕರುಳಿಗೆ ತನ್ನದೇ ಆದ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ಕರುಳು ಹಿಂಡುವ ವೇಗ, ಆಮ್ಲ ಒಸರುವುದು, ನೋವು, ಹಸಿವು ಇವೆಲ್ಲ ಅತಿಯಾಗದಂತೆ ಸಿಬಿ1 ತಡೆ ಹಾಕುತ್ತದೆ. ಸಿಬಿ2 ಹೆಚ್ಚಾಗಿ ರೋಗನಿರೋಧಕ ಕೋಶಗಳ ಮೇಲಿದ್ದು ಉರಿಯೂತವನ್ನು ಹದದಲ್ಲಿಡುತ್ತದೆ. ದೇಹ ಈ ಅನಂಡಮೈಡನ್ನು ಬೇಕಾದ ಜಾಗದಲ್ಲಿ, ಬೇಕಾದ ಕ್ಷಣದಲ್ಲಿ ತಯಾರಿಸುತ್ತದೆ. ಕೆಲಸ ಮುಗಿದ ಕೂಡಲೇ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಟಿಎಚ್‌ಸಿ ಹಾಗಲ್ಲ. ಒಂದೇ ಸಲಕ್ಕೆ ಮೈಯೆಲ್ಲ ಹರಡುತ್ತದೆ, ಕೊಬ್ಬಿನಲ್ಲಿ ಸೇರಿಕೊಂಡು ದಿನಗಟ್ಟಲೆ ಉಳಿಯುತ್ತದೆ. ‘ಅಡಿಕೆ ಮರದ ಬುಡಕ್ಕೆ ಬೇಕಾದಷ್ಟು ನೀರು ಬಿಡೋದು ಬೇರೆ. ಕಾಲುವೆ ಒಡೆದು ಇಡೀ ತೋಟದಲ್ಲಿ ನೀರು ನಿಂತರೆ ಏನಾಗುತ್ತೆ?’ ಎಂದು ಕೇಳಿದೆ. ‘ಕೊಳೆ’ ಎಂದ. ತೋಟದವನಿಗೆ ಅಷ್ಟು ಹೇಳಿದರೆ ಸಾಕಿತ್ತು.

ಕಡಿಮೆ ಪ್ರಮಾಣದ ಟಿಎಚ್‌ಸಿ ವಾಂತಿಯನ್ನು ತಡೆಯುತ್ತದೆ. ಕೀಮೋಥೆರಪಿಯ ವಾಂತಿಗೆ ಡ್ರೊನಾಬಿನಾಲ್ ಎಂಬ ಔಷಧಿಗೆ ಅಮೆರಿಕದಲ್ಲಿ 1985ರಲ್ಲೇ ಒಪ್ಪಿಗೆ ಸಿಕ್ಕಿದೆ. ಅದು ಅಳೆದು ಕೊಡುವ ಗುಳಿಗೆ, ಸ್ವಲ್ಪ ಕಾಲಕ್ಕೆ. ವರ್ಷಗಟ್ಟಲೆ ದಿನಾ ಟಿಎಚ್‌ಸಿ ಸುರಿದರೆ ಸಿಬಿ1 ಗ್ರಾಹಕಗಳು ಸ್ಪಂದಿಸುವುದನ್ನು ಕಡಿಮೆ ಮಾಡುತ್ತವೆ. ಕರುಳಿಗೆ ಇದ್ದ ತಡೆಯೇ ಸಡಿಲವಾಗುತ್ತದೆ. ಎಲ್ಲರಿಗೂ ಯಾಕೆ ಹೀಗಾಗುವುದಿಲ್ಲ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆಯಿದೆ. ಅನುಭವಿಸಿದವರ ದೇಹ ಮಾತ್ರ ಸ್ಪಷ್ಟವಾಗಿ ಹೇಳುತ್ತದೆ: ಸೇದುವುದು ನಿಂತರೆ ವಾಂತಿ ನಿಲ್ಲುತ್ತದೆ, ಶುರುವಾದರೆ ಮತ್ತೆ ಬರುತ್ತದೆ.

ಬಿಸಿನೀರಿನ ಗುಟ್ಟಿಗೆ ಬಂದರೆ, ಚರ್ಮದಲ್ಲೂ ಕರುಳಿನಲ್ಲೂ ಟಿಆರ್‌ಪಿವಿ1 ಎಂಬ ಗ್ರಾಹಕ ಇದೆ. ಸುಡುವ ಬಿಸಿಗೂ ಮೆಣಸಿನಕಾಯಿಯ ಖಾರಕ್ಕೂ ಸ್ಪಂದಿಸುವುದು ಇದೇ. ಅದನ್ನು ಚರ್ಮದ ಕಡೆಯಿಂದ ಎಚ್ಚರಿಸಿದರೆ ವಾಂತಿಯ ಸಂಕೇತ ತಗ್ಗುತ್ತದೆ ಎಂಬುದು ಈಗಿನ ವಿವರಣೆ. ಅದಕ್ಕೇ ಕೆಲವು ವೈದ್ಯರು ಖಾರದ ಅಂಶವಾದ ಕ್ಯಾಪ್ಸೈಸಿನ್ ಮುಲಾಮನ್ನು ಹೊಟ್ಟೆಯ ಮೇಲೆ ಹಚ್ಚಿಸುತ್ತಾರೆ. ತಾಯಿಗೆ ಇದನ್ನು ಹೇಳುವಾಗ, ಮನೆಯಲ್ಲಿ ಮೆಣಸಿನಕಾಯಿ ಅರೆದು ಹಚ್ಚಬೇಡಿ ಎಂದು ಮೊದಲೇ ಎಚ್ಚರಿಸಿದೆ. ಚರ್ಮ ಸುಟ್ಟುಹೋಗುತ್ತದೆ.

ಮುಂದಿನ ಸಲಹೆಗಳನ್ನು ಮೂವರೂ ಕೂತು ಮಾಡಿಕೊಂಡೆವು. ಗಾಂಜಾ ವಿಷಯವನ್ನು ತಾಯಿಗೆ ಅವನೇ ಹೇಳಿದ. ಅವರು ಅತ್ತರು. ಆದರೆ ಯಾರೋ ಮದ್ದು ಹಾಕಿದ್ದಲ್ಲ ಎಂಬುದರಿಂದ ಅವರಿಗೆ ಒಂದು ಸಮಾಧಾನವೂ ಆಯಿತು. ಅಷ್ಟು ದಿನ ಯಾವ ಮನೆಯವರ ಮೇಲೆ ಅನುಮಾನವಿತ್ತೋ ಆ ಮನೆಗೆ ಮತ್ತೆ ಹೋಗಿಬರಬಹುದಿತ್ತು.

ಪೂರ್ತಿ ನಿಲ್ಲಿಸಬೇಕು ಎಂದು ವೈದ್ಯರೂ ಹೇಳಿದ್ದರು, ನಾನೂ ಹೇಳಿದೆ. ಈ ಕಾಯಿಲೆಯಲ್ಲಿ ಕಡಿಮೆ ಮಾಡಿ ನೋಡುವುದರಿಂದ ಪ್ರಯೋಜನವಿಲ್ಲ. ನಿಲ್ಲಿಸಿದ ಮೊದಲ ವಾರ ಸಿಟ್ಟು, ಚಡಪಡಿಕೆ, ಬೆವರು, ಹಸಿವಿಲ್ಲದಿರುವುದು, ವಿಚಿತ್ರ ಕನಸು ಬರಬಹುದು, ಎರಡು ವಾರದ ಹೊತ್ತಿಗೆ ತಗ್ಗುತ್ತವೆ, ನಿದ್ದೆ ಸರಿಹೋಗಲು ಇನ್ನೂ ಸ್ವಲ್ಪ ದಿನ ಬೇಕು ಎಂದು ಮುಂಚೆಯೇ ತಿಳಿಸಿದೆ. ಆ ದಿನಗಳಲ್ಲಿ ಮಗನ ಸಿಡುಕಿಗೆ ಎದುರು ಮಾತಾಡಬೇಡಿ ಎಂದು ತಾಯಿಗೆ ಕೇಳಿಕೊಂಡೆ. ಸಂಜೆ ಐದರಿಂದ ಏಳು ಅವನಿಗೆ ಕಷ್ಟದ ಹೊತ್ತು. ಗೆಳೆಯರು ಸೇರುತ್ತಿದ್ದದ್ದು ಅಡಿಕೆ ಒಣಗಿಸುವ ಅಂಗಳದ ಹಿಂದಿನ ಕೊಟ್ಟಿಗೆಯಲ್ಲಿ. ಆ ಹೊತ್ತಿಗೆ ಅವನು ಸೋದರಮಾವನ ಮನೆಯಲ್ಲಿ ಅಡಿಕೆ ಲೆಕ್ಕ ಬರೆಯಲು ಹೋಗುವುದು ಎಂದಾಯಿತು. ಮಾವನಿಗೆ ವಿಷಯ ತಿಳಿಸಿದ್ದೂ ಅವನೇ.

ಹೊಟ್ಟೆಗೆ ಮೊದಲು ಓಆರ್‌ಎಸ್, ಗುಟುಕು ಗುಟುಕಾಗಿ. ವಾಂತಿ ನಿಂತ ಮೇಲೆ ಉಪ್ಪು ಹಾಕಿದ ತೆಳು ಗಂಜಿ, ಆಮೇಲೆ ಮಜ್ಜಿಗೆ. ಹುಳಿ, ಖಾರ ಸದ್ಯಕ್ಕೆ ಬೇಡ. ಬಿಸಿನೀರಿನ ಸ್ನಾನವನ್ನು ತಾಯಿ ಒಮ್ಮೆಲೇ ನಿಲ್ಲಿಸಲು ಹೊರಟಿದ್ದರು, ಬೇಡ ಎಂದೆ. ಅದು ಅವನಿಗೆ ಇದ್ದ ಒಂದೇ ಆಸರೆ. ಆದರೆ ಕೈ ಅದ್ದಿದರೆ ಸಹಿಸುವಷ್ಟೇ ಬಿಸಿ, ಸ್ವಲ್ಪ ಹೊತ್ತು, ಬಾಗಿಲ ಚಿಲಕ ಹಾಕಬಾರದು. ಬೆವರಿ ಇನ್ನಷ್ಟು ನೀರು ಕಳೆದುಕೊಂಡರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಇಡೀ ದಿನ ಮೂತ್ರ ಹೋಗದಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಮಂಪರಾದರೆ, ನೋವು ಒಂದೇ ಸಮನೆ ಇದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಗಾಂಜಾ ಸೇದುವವನಿಗೂ ಅಪೆಂಡಿಕ್ಸ್ ಬರಬಹುದು, ಕರುಳು ಕಟ್ಟಬಹುದು. ಎಲ್ಲ ಹೊಟ್ಟೆನೋವನ್ನೂ ಈ ಕಾಯಿಲೆಯ ಲೆಕ್ಕಕ್ಕೆ ಹಾಕಬಾರದು.

ನಡುವೆ ಅವನು ಸಿಬಿಡಿ ಎಣ್ಣೆಯ ಬಗ್ಗೆ ಕೇಳಿದ. ಅದರಿಂದ ಅಮಲೇರುವುದಿಲ್ಲವಲ್ಲ, ಅದಾದರೂ ಆಗಬಹುದಾ ಎಂದು. ಸಿಬಿಡಿ ಗಾಂಜಾ ಗಿಡದ್ದೇ ಇನ್ನೊಂದು ಅಂಶ. ಕೆಲವು ಅಪರೂಪದ ಅಪಸ್ಮಾರಗಳಿಗೆ ಔಷಧಿಯಾಗಿ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದರ ಅಡ್ಡಪರಿಣಾಮಗಳಲ್ಲಿ ಭೇದಿ, ಹಸಿವು ಕಡಿಮೆಯಾಗುವುದು, ಯಕೃತ್ತಿನ ಕಿಣ್ವ ಏರುವುದು ಸೇರಿವೆ. ಕರುಳಿನ ಕಾಯಿಲೆಗೆ ಗಾಂಜಾ ಒಳ್ಳೆಯದು ಎಂಬ ಮಾತಿನ ಹಿಂದೆ ಇರುವ ಪುರಾವೆಯೂ ತೆಳುವೇ. 2013ರಲ್ಲಿ ಇಸ್ರೇಲಿನಲ್ಲಿ ಕ್ರೋನ್ಸ್ ಕಾಯಿಲೆಯ 21 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಗಾಂಜಾ ಸೇದಿದವರಲ್ಲಿ ಹೆಚ್ಚಿನವರಿಗೆ ಹಾಯೆನಿಸಿತು, ಆದರೆ ರೋಗ ಪೂರ್ತಿ ಅಡಗಿತೇ ಎಂದು ನೋಡಿದಾಗ ಎರಡು ಗುಂಪುಗಳ ನಡುವೆ ಖಚಿತ ವ್ಯತ್ಯಾಸ ಸಿಗಲಿಲ್ಲ. ನೋವು ಗೊತ್ತಾಗದೆ ಇರುವುದೂ ರೋಗ ವಾಸಿಯಾಗುವುದೂ ಒಂದೇ ಅಲ್ಲ. ಅವನ ಸ್ಥಿತಿಯಲ್ಲಿ ಆ ಗಿಡದ ಯಾವ ರೂಪವೂ ಬೇಡ ಎಂದು ವೈದ್ಯರು ಹೇಳಿದರು. ಹಬ್ಬದ ಭಂಗಿಯೂ ಬೇಡ.

ಎರಡು ತಿಂಗಳು ಚೆನ್ನಾಗಿದ್ದ. ಆಮೇಲೆ ಗೆಳೆಯನ ಮದುವೆಯ ಹಿಂದಿನ ರಾತ್ರಿ ಸೇದಿದ, ಮರುವಾರವೂ ಮುಂದುವರಿಸಿದ, ವಾಂತಿ ಮರಳಿತು. ಫೋನಿನಲ್ಲಿ ಅವನ ದನಿ ಕುಗ್ಗಿತ್ತು. ಬೈಗುಳ ನಿರೀಕ್ಷಿಸಿದ್ದ ಅನಿಸುತ್ತದೆ. ನಾನು ಕೇಳಿದ್ದು ಒಂದೇ, ಈ ಸಲ ಆಸ್ಪತ್ರೆಯಲ್ಲಿ ನಿಜ ಹೇಳಿದೆಯಾ? ಹೇಳಿದ್ದ. ಅದರಿಂದ ಮತ್ತೆ ಸ್ಕ್ಯಾನ್, ಎಂಡೋಸ್ಕೋಪಿ ಯಾವುದೂ ಇಲ್ಲದೆ ಸರಿಯಾದ ಚಿಕಿತ್ಸೆ ಬೇಗ ಸಿಕ್ಕಿತ್ತು. ಮರಳಿ ಸೇದಿದ್ದಕ್ಕಿಂತ ಹೀಗೆ ಬಾಯಿಬಿಟ್ಟು ಹೇಳಿದ್ದು ನನಗೆ ದೊಡ್ಡದಾಗಿ ಕಂಡಿತು, ಅದನ್ನು ಅವನಿಗೂ ಹೇಳಿದೆ. ಈ ಕಾಯಿಲೆ ಕಳೆದಿದೆ ಎಂದು ಖಚಿತವಾಗಿ ಹೇಳಲು ಕನಿಷ್ಠ 6 ತಿಂಗಳು ಗಾಂಜಾ ಇಲ್ಲದೆ ಕಳೆಯಬೇಕು. ಹೊಸದಾಗಿ ಲೆಕ್ಕ ಶುರುಮಾಡಿದೆವು.

ಈಗ ಅವನು ಬರುತ್ತಿರುವುದು ನಿದ್ದೆಗಾಗಿ. ಅಪ್ಪ ಹೋದ ಮೇಲೆ ತೋಟ, ಸಾಲ, ತಂಗಿಯ ಓದು ಎಲ್ಲ ಒಮ್ಮೆಲೇ ಹೆಗಲಿಗೆ ಬಿದ್ದದ್ದರ ಬಗ್ಗೆ ಅವನು ಯಾರ ಹತ್ತಿರವೂ ಮಾತಾಡಿರಲಿಲ್ಲ. ಮನೋವೈದ್ಯರೊಬ್ಬರು ಆತಂಕಕ್ಕೆ ಚಿಕಿತ್ಸೆ ಕೊಡುತ್ತಿದ್ದಾರೆ, ನನ್ನ ಜೊತೆ ವಾರಕ್ಕೊಮ್ಮೆ ಮಾತು.

ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಇಂಥ ವಾಂತಿ ಇದ್ದು ಗಾಂಜಾ ಅಭ್ಯಾಸವೂ ಇದ್ದರೆ, ಮುಂದಿನ ಸಲ ವೈದ್ಯರ ಹತ್ತಿರ ಒಬ್ಬರೇ ಐದು ನಿಮಿಷ ಮಾತಾಡಬೇಕು ಎಂದು ಕೇಳಿ. ಎಷ್ಟು ವರ್ಷದಿಂದ, ವಾರಕ್ಕೆ ಎಷ್ಟು ಸಲ, ಬಿಸಿನೀರಿಗೆ ಕಡಿಮೆಯಾಗುತ್ತದೆಯೇ ಎಂಬುದನ್ನು ಹೇಳಿ. ಮುಖಾಮುಖಿ ಹೇಳಲು ಕಷ್ಟವಾದರೆ ಚೀಟಿಯಲ್ಲಿ ಬರೆದು ಕೊಡಿ. ಅದಕ್ಕೂ ಮೊದಲು ಯಾರ ಜೊತೆಗಾದರೂ ಮಾತಾಡಬೇಕು ಅನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮಾದಕ ವ್ಯಸನಕ್ಕೆ ಎಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.