ಕಂಪ್ಯೂಟರಿನಲ್ಲಿ ಹಾಡುವ ಸಿಡಿ, ಪ್ಲೇಯರಿನಲ್ಲಿ ಮೂಕ

ಪ್ರಶ್ನೆ: ನಮ್ಮೂರ ಬಯಲಾಟದ ಪದಗಳ ಎಂಪಿ3 ಕಡತಗಳನ್ನು ಮನೆಯ ಕಂಪ್ಯೂಟರಿನಲ್ಲಿ ಸಿಡಿಗೆ ಬರೆದಿದ್ದೇನೆ. ತಂದೆಯವರ ಹಳೆಯ ಪ್ಲೇಯರಿನಲ್ಲಿ ಅದು ಹಾಡುವುದಿಲ್ಲ, ಏಕೆ?
– ಓದುಗರೊಬ್ಬರು, ಕುಷ್ಟಗಿ, ಕೊಪ್ಪಳ ಜಿಲ್ಲೆ

ಉತ್ತರ: ತಾವು ಬರೆದಿರುವುದು ಬಹುಶಃ ಡೇಟಾ ಸಿಡಿ, ಅಂದರೆ ಕಡತಗಳನ್ನು ಇದ್ದಂತೆಯೇ ತುಂಬಿದ ಸಿಡಿ. ಹಳೆಯ ಪ್ಲೇಯರುಗಳಲ್ಲಿ ಹೆಚ್ಚಿನವು ಎಂಪಿ3 ಕಡತವನ್ನು ಓದಲಾರವು. ಸೆಕೆಂಡಿಗೆ 44,100 ಮಾದರಿಗಳಂತೆ (ಸ್ಯಾಂಪಲ್, ಅಂದರೆ ಧ್ವನಿಯ ಅಳತೆ), 16 ಬಿಟ್‌ಗಳಲ್ಲಿ, ಸಂಕುಚಿತಗೊಳಿಸದೆ ದಾಖಲಾದ ಧ್ವನಿಯೇ ಅವಕ್ಕೆ ಬೇಕು. ವಿಂಡೋಸ್ ಮೀಡಿಯಾ ಪ್ಲೇಯರಿನ ‘ಬರ್ನ್’ ವಿಭಾಗದಲ್ಲಿ ‘ಆಡಿಯೋ ಸಿಡಿ’ಯನ್ನು ಆರಿಸಿಕೊಂಡರೆ ಈ ಪರಿವರ್ತನೆಯನ್ನು ತಂತ್ರಾಂಶವೇ ಮಾಡುತ್ತದೆ. ಆಗ ಸಿಡಿಯಲ್ಲಿ ಎಷ್ಟು ಹಿಡಿಸುತ್ತದೆ ಎಂಬುದಕ್ಕೆ 700 ಎಂಬಿಯ ಲೆಕ್ಕವನ್ನು ಬಿಟ್ಟು 80 ನಿಮಿಷದ ಲೆಕ್ಕವನ್ನು ಹಿಡಿಯಬೇಕು. ಬೆಳಗಿನವರೆಗೆ ನಡೆಯುವ ಬಯಲಾಟ ಒಂದೇ ಸಿಡಿಯಲ್ಲಿ ಹಿಡಿಸುವುದಂತೂ ಇಲ್ಲ. ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯೂವನ್ನು ಹಲವು ಹಳೆಯ ಯಂತ್ರಗಳು ಗುರುತಿಸುವುದಿಲ್ಲವಾದ್ದರಿಂದ ಒಮ್ಮೆ ಮಾತ್ರ ಬರೆಯಬಹುದಾದ ಸಿಡಿ-ಆರ್ ಅನ್ನೇ ಕೊಂಡು, ಕಡಿಮೆ ವೇಗದಲ್ಲಿ ಬರೆದು ನೋಡಿರಿ.